ಅರಿಶಿನದ ದುಡ್ಡು, ಕಾಲೇಜಿನ ಖರ್ಚು



ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಅರಿಶಿನ ಬೇಯಿಸಿ, ಒಣಗಿಸಿ ಮಾರಿದಾಗ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಮುಂಗಾರು ಬಂದರೆ ಅದೆಲ್ಲ ಮತ್ತೆ ಭೂಮಿಗೆ. ಮಕ್ಕಳು ಕಾಲೇಜು ಸೇರುವುದೂ ಅದೇ ಹೊತ್ತಿಗೆ! ಬಡ್ಡಿ ಸಾಲವೋ, ಓದು ಬಿಡಿಸುವುದೋ, ಆಗ ಉಳಿಯುವ ದಾರಿ ಇವೆರಡೇ. ಆದ್ದರಿಂದ ಬಿತ್ತನೆ ಗೆಡ್ಡೆ ತೆಗೆದಿಡುವಾಗಲೇ ಮಗಳ ಹೆಸರಿಗೂ ಒಂದಿಷ್ಟು ಹಣವನ್ನು ಅಂಚೆ ಕಚೇರಿಯಲ್ಲಿಡಿರಿ.

ಸರ್ಕಾರಿ ಕಾಲೇಜಿನ ಶುಲ್ಕಕ್ಕಿಂತ ಊಟ, ವಸತಿಯ ಖರ್ಚೇ ಭಾರ. ಹಿಂದೆ ಮೈಸೂರಿನಲ್ಲಿ ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡು ಓದಿದವರುಂಟು. ಎಲ್ಲ ಜಾತಿಯ ಹುಡುಗರಿಗೂ ಆ ಬಾಗಿಲು ತೆರೆದಿರಲಿಲ್ಲವೆನ್ನಿ. 1941ರಲ್ಲಿ ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಅಲ್ಲಿ ವಿದ್ಯಾರ್ಥಿನಿಲಯ ತೆರೆದರು. ಈಗ ಸರ್ಕಾರದ ವಿದ್ಯಾರ್ಥಿನಿಲಯಗಳೂ ಇವೆ. ಜಾಗ ಮಿತ, ಕಾಲೇಜು ಸೇರಿದ ಕೂಡಲೇ ಅರ್ಜಿ ಹಾಕಿಸಿರಿ.

2021ರಲ್ಲಿ ರೈತ ವಿದ್ಯಾನಿಧಿ ಬಂದಾಗ ಸಾಮಾನ್ಯ ಪದವಿಗೆ ಗೊತ್ತುಮಾಡಿದ್ದು ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ. ವಿದ್ಯಾರ್ಥಿವೇತನ ಬರುವುದು ಕಾಲೇಜು ಸೇರಿದ ಮೇಲೆ, ಮೊದಲಲ್ಲ. ಅದಕ್ಕೆ ರೈತರ ಎಫ್.ಐ.ಡಿ. ಸಂಖ್ಯೆ ಬೇಕು. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಜಾತಿ, ಆದಾಯದ ಪತ್ರಗಳನ್ನು ಫಲಿತಾಂಶಕ್ಕೆ ಕಾಯದೆ ನಾಡಕಚೇರಿಯಲ್ಲಿ ಈಗಲೇ ಮಾಡಿಸಿರಿ. ಸೋಮವಾರ ನಾನು ಪಂಚಾಯಿತಿ ಕಚೇರಿಯಲ್ಲಿರುತ್ತೇನೆ. ಪಹಣಿ, ಆಧಾರ್ ಎರಡನ್ನೂ ತನ್ನಿರಿ.