ಆಮೆ, ರಂಗೋಲಿ ಮತ್ತು ನಮ್ಮ ಮಕ್ಕಳ ಕಂಪ್ಯೂಟರ್ ಪಾಠ

(ಡೌನರ್ಸ್ ಗ್ರೋವ್‌ನಲ್ಲಿ ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣ)





ಇಂದು ನಮ್ಮ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತಿದೆ. ಭಾನುವಾರ ಮಗುವನ್ನು ಕನ್ನಡ ತರಗತಿಗೆ ಕಳುಹಿಸಬೇಕೋ, ಕೋಡಿಂಗ್ ತರಗತಿಗೋ? ಈ ಸ್ಪರ್ಧೆಯಲ್ಲಿ ಸೋಲುವುದು ಸಾಮಾನ್ಯವಾಗಿ ಕನ್ನಡವೇ. ಇವೆರಡೂ ಒಂದೇ ಮಣೆಯ ಮೇಲೆ ಕೂರಬಲ್ಲವು ಎಂಬುದೇ ನನ್ನ ಅರಿಕೆ.

ಇಲಿನಾಯ್ ರಾಜ್ಯದ 2021ರ ಕಾನೂನಿನಂತೆ, 2022-23ರ ಶಾಲಾ ವರ್ಷದಿಂದ ಪ್ರಾಥಮಿಕ ತರಗತಿಗಳಲ್ಲೇ ಮಕ್ಕಳಿಗೆ ವಯಸ್ಸಿಗೆ ತಕ್ಕಷ್ಟು ಕಂಪ್ಯೂಟರ್ ತಿಳಿವಳಿಕೆ ಸಿಗಬೇಕು. ಅದನ್ನು ಶಾಲೆ ನೋಡಿಕೊಳ್ಳುತ್ತದೆ. ಕನ್ನಡವನ್ನು ನೋಡಿಕೊಳ್ಳಬೇಕಾದವರು ನಾವು.

ಚಿಕ್ಕ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವುದು ನಿನ್ನೆ ಮೊನ್ನೆಯ ಮಾತಲ್ಲ. 1967ರಲ್ಲಿ ಮೆಸಾಚುಸೆಟ್ಸ್‌ನಲ್ಲಿ ಸೇಮರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿಯೇ 'ಲೋಗೋ' ಎಂಬ ಭಾಷೆಯನ್ನು ರೂಪಿಸಿದರು. ಮುಂದೆ ಅದರೊಳಗೆ ಒಂದು ಆಮೆ ಬಂತು. ಮಗು ಹೇಳಿದಂತೆ ಆಮೆ ನಡೆದು ಗೆರೆ ಎಳೆಯುತ್ತದೆ. ನಮ್ಮ ಡಾ. ಯು. ಬಿ. ಪವನಜರು ಇದನ್ನು ಕನ್ನಡಕ್ಕೂ ತಂದರು. ಅವರ ಕನ್ನಡ ಲೋಗೋದಲ್ಲಿ ಆಮೆಗೆ ಕನ್ನಡದಲ್ಲೇ ಅಪ್ಪಣೆ ಕೊಡಬಹುದು.

ಆಮೆಗೆ ಒಂದು ಎಸಳು ಬರೆಯುವುದನ್ನು ಕಲಿಸಿ. ಬರೆದಾದ ಮೇಲೆ 60 ಡಿಗ್ರಿ ತಿರುಗು, ಹೀಗೆ 6 ಸಲ ಮಾಡು ಎನ್ನಿ. 360 ಡಿಗ್ರಿ ತುಂಬಿ ಹೂವು ಅರಳುತ್ತದೆ. 60ರ ಬದಲು 50 ಎಂದರೆ ಒಂದು ಕಡೆ ಜಾಗ ಖಾಲಿ ಉಳಿಯುತ್ತದೆ. ಆಗ ಮಗು ತಾನೇ ಹಿಂದಕ್ಕೆ ಹೋಗಿ ಎಲ್ಲಿ ತಪ್ಪಿತೆಂದು ಹುಡುಕುತ್ತದೆ. ದೊಡ್ಡ ಕೆಲಸವನ್ನು ಚಿಕ್ಕದಾಗಿ ಒಡೆಯುವುದು, ಮರುಕಳಿಸುವುದನ್ನು ಗುರುತಿಸುವುದು, ತಪ್ಪನ್ನು ತಿದ್ದುವುದು: ಕಂಪ್ಯೂಟರ್ ಚಿಂತನೆಯ ತಿರುಳು ಇಷ್ಟೇ.

ಇದನ್ನೇ ಅಲ್ಲವೇ ನಮ್ಮ ಅಜ್ಜಿಯರು ಅಂಗಳದಲ್ಲಿ ಚುಕ್ಕಿ ಇಟ್ಟು ಮಾಡುತ್ತಿದ್ದದ್ದು? ಹೊಗಳಿಕೆಗಾಗಿ ಹೇಳುತ್ತಿಲ್ಲ. ಮದರಾಸಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ ಅವರು 1974ರಲ್ಲೇ ಕೋಲಂನ ವಿನ್ಯಾಸಗಳನ್ನು ಗಣಕ ವಿಜ್ಞಾನದ ವ್ಯಾಕರಣವಾಗಿ ವಿವರಿಸಿ ಪ್ರಬಂಧ ಪ್ರಕಟಿಸಿದ್ದರು.

ಆದ್ದರಿಂದ ಊರಿನಿಂದ ಅಜ್ಜಿ ಬಂದಾಗ ಮೊಮ್ಮಗಳ ಕೈಗೆ ಸೀಮೆಸುಣ್ಣ ಕೊಟ್ಟು ಇಬ್ಬರನ್ನೂ ಡ್ರೈವ್‌ವೇಗೆ ಕಳುಹಿಸಿ. ಒಂದು ನಿಯಮವಿರಲಿ: ಮೊಮ್ಮಗಳು ಬಾಯಲ್ಲಿ ಹೇಳಬೇಕು, ಅಜ್ಜಿ ಹೇಳಿದಷ್ಟನ್ನೇ ಬರೆಯಬೇಕು. 'ಎಡಕ್ಕೆ', 'ಮೇಲಿನ ಚುಕ್ಕಿಗೆ', 'ಇನ್ನೊಂದು ಸಲ' ಎಂಬ ಮಾತುಗಳು ತಾವಾಗಿಯೇ ನಾಲಿಗೆಗೆ ಬರುತ್ತವೆ.

ಲೆಮಾಂಟ್ ದೇವಸ್ಥಾನಕ್ಕೆ ಹೋಗುವಾಗ ಕಾರಿನಲ್ಲೂ ಆಡಬಹುದು. 1ರಿಂದ 100ರೊಳಗೆ ಒಂದು ಸಂಖ್ಯೆ ನೆನೆಸಿಕೊಳ್ಳಿ. 'ಐವತ್ತಕ್ಕಿಂತ ದೊಡ್ಡದೇ?' ಎಂದು ಅರ್ಧರ್ಧ ಮಾಡುತ್ತಾ ಕೇಳಿದರೆ ಹೆಚ್ಚೆಂದರೆ 7 ಪ್ರಶ್ನೆಗಳಲ್ಲಿ ಉತ್ತರ ಸಿಗುತ್ತದೆ. ಕಂಪ್ಯೂಟರ್ ಹುಡುಕುವ ಒಂದು ಬಗೆಯೂ ಇದೇ. ಜೊತೆಗೆ ಕನ್ನಡದ ಅಂಕಿಗಳೂ ಬಾಯಿಪಾಠವಾಗುತ್ತವೆ.

ಕೊನೆಯದಾಗಿ ಒಂದು ಕೋರಿಕೆ. ನಮ್ಮಲ್ಲಿ ಕಂಪ್ಯೂಟರ್ ಬಲ್ಲವರಿಗೆ ಬರವಿಲ್ಲ. ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳುವವರಿಗೆ ಮಾತ್ರ ಬರ! ತಿಂಗಳಿಗೊಮ್ಮೆ ಕನ್ನಡ ತರಗತಿಯಲ್ಲಿ ಇಂತಹ ಆಟಗಳನ್ನು ಆಡಿಸಲು ಇಬ್ಬರು ಮುಂದೆ ಬಂದರೆ ಸಾಕು. ಕನ್ನಡದಲ್ಲಿ ಯೋಚಿಸಿ ಗೆದ್ದ ಮಗು ಕನ್ನಡವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.