ಹೊಳೆ ಬಂದಾಗ ಕೊಟ್ಟಿಗೆಯ ಜೋಪಾನ

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಬೇರೆ ಕಡೆ ಮಳೆ ಹುಯ್ದರೆ ಪ್ರವಾಹ. ನಮ್ಮಲ್ಲಿ ಹಾಗಲ್ಲ. ನಂಜನಗೂಡಿನಲ್ಲಿ ಬಿಸಿಲು ಕಾಯುತ್ತಿದ್ದರೂ ಹೊಳೆ ಏರುತ್ತಿರುತ್ತದೆ. ಮಳೆ ಬಿದ್ದಿರುವುದು ವಯನಾಡಿನಲ್ಲಿ. ಕಬಿನಿ ಜಲಾಶಯ ಹಿಡಿಯುವುದು 19.52 ಟಿ.ಎಂ.ಸಿ. ನೀರು, ಕನ್ನಂಬಾಡಿಯ ಅರ್ಧಕ್ಕೂ ಕಡಿಮೆ. ಅದು ಬೇಗ ತುಂಬುತ್ತದೆ. ತುಂಬಿದ ಮೇಲೆ ಬಂದ ನೀರನ್ನು ಹೊರಗೆ ಬಿಡದೆ ವಿಧಿಯಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಲಕ್ಷ ಕ್ಯೂಸೆಕ್ಸ್ ಮೀರಿ ಬಿಟ್ಟಾಗ ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಯ ಮೇಲೇ ನೀರು ನಿಂತಿದ್ದು ನಿಮಗೆ ನೆನಪಿದೆ. ತಿ. ನರಸೀಪುರದವರ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಅಲ್ಲಿ ಎರಡು ಹೊಳೆಗಳ ಸಂಗಮ. ಕನ್ನಂಬಾಡಿಯಿಂದಲೂ ಅದೇ ಹೊತ್ತಿಗೆ ನೀರು ಬಿಟ್ಟರೆ ಕಪಿಲೆ ಮುಂದಕ್ಕೆ ಸಾಗಲಾರದೆ ಹಿಂದಕ್ಕೆ ಒತ್ತಿ ಗದ್ದೆಬಯಲಿಗೆ ಹರಡಿಕೊಳ್ಳುತ್ತದೆ.

ಆದ್ದರಿಂದ ಆಕಾಶ ನೋಡಿ ಲೆಕ್ಕ ಹಾಕಬೇಡಿ. ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ಕಬಿನಿಯ ಹೊರಹರಿವು ಎಷ್ಟೆಂದು ಸಂಘದ ಕಾರ್ಯದರ್ಶಿಯವರು ದಿನವೂ ಡೇರಿಯ ಬೋರ್ಡಿನಲ್ಲಿ ಬರೆಯಲಿ. ಹಾಲಿನ ದರ ಬರೆಯುವ ಬೋರ್ಡಿನಲ್ಲಿ ಅಷ್ಟು ಜಾಗ ಇದ್ದೇ ಇದೆ. ಹಾಲು ಹಾಕಲು ಬಂದವರೆಲ್ಲ ಎರಡು ಹೊತ್ತು ನೋಡಿಕೊಂಡು ಹೋಗುತ್ತಾರೆ.

ಈಗ ಮುಖ್ಯವಾದ ಮಾತು. ನೆರೆಯಲ್ಲಿ ರಾಸು ಸಾಯುವುದು ಈಜಲು ಬಾರದೆ ಅಲ್ಲ. ಹಸು, ಎಮ್ಮೆ ಎರಡೂ ಈಜುತ್ತವೆ. ಸಾಯುವುದು ಗೂಟಕ್ಕೆ ಕಟ್ಟಿದ ಹಗ್ಗದಿಂದ. ನೀರು ಏರಿದಂತೆ ಹಗ್ಗ ತಲೆಯನ್ನು ಕೆಳಕ್ಕೆ ಎಳೆದು ಹಿಡಿಯುತ್ತದೆ. ನೀವು ಮನೆ ಬಿಡುವ ಸಂದರ್ಭ ಬಂದು, ರಾಸುಗಳನ್ನು ಹೊಡೆದುಕೊಂಡು ಹೋಗಲು ಆಗದಿದ್ದರೆ, ಕಣ್ಣಿ ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆರೆದಿಟ್ಟು ಹೋಗಿ. ನೆಂದ ಗಂಟು ಕತ್ತಲಲ್ಲಿ ಬಿಚ್ಚಲು ಬರುವುದಿಲ್ಲ. ಗೊಂತಿಗೆಯ ಮೇಲೆ ಕೈಗೆಟುಕುವಂತೆ ಒಂದು ಕುಡುಗೋಲು ಸಿಕ್ಕಿಸಿಟ್ಟಿರಿ. ನಲವತ್ತು ರೂಪಾಯಿ ಹಗ್ಗದ ಮುಖ ನೋಡಬೇಡಿ. ಸರಪಳಿ ಹಾಕಿದವರು ಮಳೆಗಾಲಕ್ಕೆ ಅದನ್ನು ತೆಗೆದು ಹಗ್ಗವೇ ಹಾಕಿ. ಮೂಗುದಾರಕ್ಕೆ ಉದ್ದ ಹಗ್ಗ ಜೋತುಬಿಟ್ಟು ಅಟ್ಟಬೇಡಿ, ಬೇಲಿಗೆ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು. ನೀರು ಎದೆಮಟ್ಟ ಬಂದ ಮೇಲೆ ಹಸುವಿಗಾಗಿ ಯಾರೂ ಇಳಿಯಬಾರದು. ಮಕ್ಕಳಂತೆ ಸಾಕಿದ ಹಸು ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಮುನ್ಸೂಚನೆ ಬಂದ ಗಳಿಗೆಯಲ್ಲೇ ಹಗಲಿನಲ್ಲೇ ಹೊರಡಿಸಿ. ತುಂಬುಗಬ್ಬದವು ಮತ್ತು ಕರುಗಳು ಮೊದಲು, ಕರೆಯುವ ಹಸುಗಳು ಆಮೇಲೆ.

ಕಾಳಜಿ ಕೇಂದ್ರಕ್ಕೆ ಹೋದಾಗ ಒಂದು ಎಚ್ಚರ. ಅಲ್ಲಿ ಉಳಿದ ಅನ್ನ ಸಾರನ್ನು ಹಸಿದ ಹಸುವಿನ ಮುಂದೆ ಬಕೆಟ್‌ಗಟ್ಟಲೆ ಸುರಿಯುವುದುಂಟು. ಅನ್ನ ಹೊಟ್ಟೆಯಲ್ಲಿ ಹುಳಿಯಾಗಿ, ಮೇವು ಬಿಟ್ಟು, ಮೆಲುಕು ನಿಲ್ಲಿಸಿ, ಭೇದಿಯಾಗಿ ಹಸು ಮಲಗಿಬಿಡುತ್ತದೆ. ನೆರೆಯಿಂದ ಉಳಿಸಿದ್ದನ್ನು ಅನ್ನ ಹಾಕಿ ಕಳೆದುಕೊಳ್ಳುವುದು ಬೇಡ. ಎರಡು ಹಿಡಿ ಒಣಹುಲ್ಲು ಅದಕ್ಕಿಂತ ಮೇಲು.

ಹುಲ್ಲಿನ ವಿಚಾರಕ್ಕೆ ಬಂದರೆ, ಮೆದೆಯನ್ನು ಹೊಳೆ ಕಡೆಯ ಹೊಲದಲ್ಲಿ ಹಾಕುವ ರೂಢಿಯನ್ನು ಬಿಡಿ. ಕಲ್ಲು ಜೋಡಿಸಿ ಎತ್ತರದ ಮೇಲೆ ಹಾಕಿ. ನೆಂದ ಹುಲ್ಲನ್ನು ತೆಳ್ಳಗೆ ಹರಡಿ ಒಣಗಿಸಿದರೆ ಬಳಸಬಹುದು. ಬೂಷ್ಟು ಹಿಡಿದು ಕಮಟು ವಾಸನೆ ಬಂದರೆ ತಿಪ್ಪೆಗೆ ಹಾಕಿ. ನೆಂದ ಹಿಂಡಿ, ಬೂಸ, ಪಶು ಆಹಾರದ ಚೀಲವೂ ಹಾಗೆಯೇ. ‘ಬತ್ತಿದ ಹಸು ತಾನೆ, ತಿನ್ನಲಿ’ ಎನ್ನಬೇಡಿ, ಗಬ್ಬ ಹೋಗಬಹುದು. ಕರೆಯುವ ಹಸು ತಿಂದರೆ ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಯೂರಿಯಾ ಚೀಲ ಕೊಟ್ಟಿಗೆಯಲ್ಲಿದ್ದರೆ ಮೊದಲು ಹೊರಗಿಡಿ. ಕರಗಿದ ನೀರನ್ನು ಬಾಯಾರಿದ ಹಸು ಕುಡಿದರೆ ವೈದ್ಯರು ಬರುವಷ್ಟು ಹೊತ್ತು ಸಿಗುವುದಿಲ್ಲ.

ಕರೆಂಟು ಹೋದರೆ ದೀಪ ಹೋಗುತ್ತದೆ ಎಂದಷ್ಟೇ ನಾವು ಯೋಚಿಸುತ್ತೇವೆ. ಹಸುವಿಗೆ ಹೋಗುವುದು ನೀರು. ಹಾಲು ಕರೆಯುವ ಸೀಮೆಹಸು ದಿನಕ್ಕೆ 60ರಿಂದ 80 ಲೀಟರ್ ಕುಡಿಯುತ್ತದೆ. ಕೊಳವೆಬಾವಿ ನಿಂತರೆ ಎರಡೇ ದಿನದಲ್ಲಿ ಹಾಲು ಇಳಿಯುತ್ತದೆ. ಹೊಳೆ ಬರುವ ಸುದ್ದಿ ಸಿಕ್ಕೊಡನೆ ತೊಟ್ಟಿ, ಡ್ರಮ್ಮು, ಪಾತ್ರೆ ತುಂಬಿಸಿಡಿ. ಯಂತ್ರದಲ್ಲಿ ಕರೆಯುವವರು ಕರೆಂಟು ಬರಲೆಂದು ಕಾಯುತ್ತಾ ಒಂದು ಹೊತ್ತು ಬಿಡಬೇಡಿ, ಕೆಚ್ಚಲು ಬಾವಿಗೆ ಅಷ್ಟೇ ಸಾಕು. ಮನೆಯಲ್ಲಿ ಇಬ್ಬರಾದರೂ ಕೈಯಿಂದ ಕರೆಯುವುದನ್ನು ಮರೆಯದಿರಲಿ. ಯಂತ್ರಕ್ಕೆ ಒಗ್ಗಿದ ಹಸು ಮೊದಲ ದಿನ ಸೊರೆ ಬಿಡದೆ ಸತಾಯಿಸುತ್ತದೆ. ಬೆಚ್ಚನೆಯ ನೀರಿನಲ್ಲಿ ಕೆಚ್ಚಲು ಒರೆಸಿ, ಸಮಾಧಾನದಿಂದ ಕೂತು ಕರೆಯಿರಿ.

ಕರೆದ ಹಾಲನ್ನು ಎರಡು ಗಂಟೆಯೊಳಗೆ ಡೇರಿಗೆ ಮುಟ್ಟಿಸಬೇಕು. ದಾರಿ ಮುಚ್ಚಿದ್ದರೆ ಕ್ಯಾನನ್ನು ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಇಳಿಸಿಡಿ. ಬೆಳಗಿನ ಹಾಲಿಗೆ ಸಂಜೆಯದನ್ನು ಬೆರೆಸಬೇಡಿ, ಎರಡೂ ಒಡೆಯುತ್ತವೆ. ಮರುದಿನವೂ ದಾರಿ ತೆರೆಯದಿದ್ದರೆ ಹೆಪ್ಪು ಹಾಕಿ ಬೆಣ್ಣೆ ತೆಗೆಯಿರಿ. ಸೋಡಾ ಹಾಕಿ ಉಳಿಸುವ ಬುದ್ಧಿ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಒಬ್ಬರ ಕ್ಯಾನಿನಿಂದ ಇಡೀ ಊರಿನ ಹಾಲು ಕೆಡುತ್ತದೆ. ಶೀತಲೀಕರಣ ಘಟಕವಿರುವ ಸಂಘಗಳು ಜನರೇಟರಿಗೆ ಡೀಸೆಲ್ ಇದೆಯೇ ಎಂದು ಜೂನ್‌ನಲ್ಲೇ ನೋಡಿಕೊಳ್ಳಲಿ. ಘಟಕದ ಹಾಲು 4 ಡಿಗ್ರಿಯಲ್ಲಿ ನಿಲ್ಲದಿದ್ದರೆ ನಷ್ಟ ಎಲ್ಲರದ್ದು.

ನೀರು ಇಳಿದ ಮೇಲೆ ಕೊಟ್ಟಿಗೆಗೆ ನುಗ್ಗುವ ಮುಂಚೆ ಮೈನ್ ಸ್ವಿಚ್ ಆಫ್ ಆಗಿದೆಯೇ ನೋಡಿ. ಮೇವು ಕತ್ತರಿಸುವ ಯಂತ್ರ, ಮೋಟರು ನೆಂದಿದ್ದರೆ ಎಲೆಕ್ಟ್ರಿಷಿಯನ್ ನೋಡುವವರೆಗೆ ಮುಟ್ಟಬೇಡಿ. ತಂತಿ ಬಿದ್ದಿದ್ದರೆ 1912ಕ್ಕೆ ಫೋನು ಮಾಡಿ. ಕೆಸರು ಬಾಚುವಾಗ ಕಾಲಿಗೆ ಬೂಟು ಇರಲಿ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಹಸುವಿಗೂ ಬರುತ್ತದೆ, ನಮಗೂ ಬರುತ್ತದೆ.

ರೋಗಗಳಲ್ಲಿ ಗಳಲೆ ರೋಗಕ್ಕೆ ಹೆಚ್ಚು ಹೆದರಬೇಕು, ಎಮ್ಮೆಗಳಿಗಂತೂ ಇನ್ನೂ ಹೆಚ್ಚು. ಬೆಳಿಗ್ಗೆ ಜ್ವರ, ಗಂಟಲು ಬಾವು, ಗೊರಗೊರ ಉಸಿರು, ಮರುದಿನಕ್ಕೆ ಇಲ್ಲ. ಲಸಿಕೆ ಕೆಲಸ ಮಾಡಲು ಎರಡು ಮೂರು ವಾರ ಬೇಕು, ಹೊಳೆ ಬಂದ ದಿನ ಚುಚ್ಚಿಸಿದರೆ ಏನೂ ಆಗದು. ಗಳಲೆ, ಚಪ್ಪೆ ಎರಡಕ್ಕೂ ಮೇ ತಿಂಗಳಲ್ಲೇ ಹಾಕಿಸಿ. ನೆರೆ ಇಳಿದ ಗದ್ದೆಯಲ್ಲಿ ಬಸವನಹುಳು ಹೆಚ್ಚಿರುತ್ತದೆ, ಅದರಿಂದ ಪಿತ್ತಜನಕಾಂಗದ ಹುಳು ಬರುತ್ತದೆ. ಕೆಲವು ವಾರ ಅಲ್ಲಿ ಮೇಯಿಸಬೇಡಿ. ರಾಸಿಗೆ ಕಾಯಿಲೆಯಾಗಿ ದಾರಿ ಕಾಣದಿದ್ದರೆ 1962ಕ್ಕೆ ಕರೆ ಮಾಡಿ.

ರಾಸು ಸತ್ತರೆ ಹೊಳೆಗೆ ತಳ್ಳಬೇಡಿ. ಕೆಳಗಿನ ಊರಿನವರು ಅದೇ ನೀರು ಕುಡಿಯುತ್ತಾರೆ. ಮೊದಲು ಪಶುವೈದ್ಯರಿಗೆ, ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ, ಕಿವಿಯ ಓಲೆ ಕಾಣುವಂತೆ ಫೋಟೋ ತೆಗೆದು, ಮರಣೋತ್ತರ ಪರೀಕ್ಷೆ ಆದ ಮೇಲೆ ಆರಡಿ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. 2022ರಲ್ಲಿ ಪರಿಷ್ಕರಿಸಿದ ವಿಪತ್ತು ಪರಿಹಾರ ದರದಲ್ಲಿ ಕರೆಯುವ ಹಸು, ಎಮ್ಮೆಗೆ 37,500 ರೂಪಾಯಿ ನಿಗದಿಯಾಯಿತು. ವಿಮೆ ಮಾಡಿಸಿದವರಿಗೂ ಓಲೆಯ ನಂಬರೇ ಆಧಾರ. ಓಲೆ ಬಿದ್ದುಹೋಗಿರುವ ಹಸುಗಳು ನಿಮ್ಮಲ್ಲಿ ಎಷ್ಟಿವೆ ಎಂದು ಇವತ್ತು ಸಂಜೆ ಕರೆಯುವಾಗ ನೋಡಿ, ನಾಳೆ ಡೇರಿಯಲ್ಲಿ ಹೆಸರು ಬರೆಸಿ. ನಾವು ಬಂದು ಹಾಕಿಕೊಡುತ್ತೇವೆ.