ಬೇರೊಬ್ಬನ ಹೆಸರಿಗೆ ಬಂದ ಕರೆ

1947ರಲ್ಲಿ ಹುಟ್ಟಿ 2024ರಲ್ಲಿ ತೀರಿಕೊಂಡ ಅಮೆರಿಕದ ಕಾದಂಬರಿಕಾರ ಪಾಲ್ ಆಸ್ಟರ್ ಮೊದಲು ಕವಿ, ಫ್ರೆಂಚ್ ಅನುವಾದಕ. ಹೊಟ್ಟೆಪಾಡಿಗೆ ಬೇರೆ ಹೆಸರಿನಲ್ಲಿ ಪತ್ತೇದಾರಿ ಕಾದಂಬರಿಯನ್ನೂ ಬರೆದವರು. ಒಮ್ಮೆ ಅವರ ಮನೆಗೆ ಟೆಲಿಫೋನು ಬಂತು: ಪತ್ತೇದಾರರ ಕಚೇರಿಯೇ ಎಂದು. ಅಲ್ಲವೆಂದರು. ಹೌದೆಂದಿದ್ದರೆ ಏನಾಗುತ್ತಿತ್ತು? ಆ ಯೋಚನೆಯಿಂದ 1985ರ ‘ಸಿಟಿ ಆಫ್ ಗ್ಲಾಸ್’ ಹುಟ್ಟಿತು.

ಅದರಲ್ಲಿ ಮಡದಿಯನ್ನೂ ಮಗನನ್ನೂ ಕಳೆದುಕೊಂಡ ಲೇಖಕ ಕ್ವಿನ್‌ಗೆ ಅಪರಾತ್ರಿಯಲ್ಲಿ ಕರೆ ಬರುತ್ತದೆ. ಕೇಳುವುದು ಪಾಲ್ ಆಸ್ಟರ್ ಎಂಬ ಪತ್ತೇದಾರನನ್ನು! ಮೊದಲು ಅಲ್ಲವೆಂದವನು ಕೊನೆಗೆ ‘ನಾನೇ’ ಎಂದುಬಿಡುತ್ತಾನೆ. ಇದನ್ನು ಬರಿಯ ಚಮತ್ಕಾರವೆನ್ನುವವರುಂಟು. ನನಗೆ ಹಾಗೆ ತೋರದು. ದುಃಖದಲ್ಲಿ ಬೆಂದವನಿಗೆ ಪರರ ಹೆಸರು ತುಸು ನೆರಳು ಕೊಟ್ಟಿತು. ಆದರೆ ವೃದ್ಧನೊಬ್ಬನನ್ನು ನ್ಯೂಯಾರ್ಕಿನ ಬೀದಿಗಳಲ್ಲಿ ಹಿಂಬಾಲಿಸಿ, ಕಾವಲು ಕಾದು, ಕಡೆಗೆ ಮನೆಗೆ ಮರಳಿದಾಗ ಅಲ್ಲಿ ಬೇರೊಬ್ಬಳು ಬಾಡಿಗೆಗಿದ್ದಳು. ಉಳಿದದ್ದು ಅವನ ಕೆಂಪು ನೋಟುಪುಸ್ತಕವೊಂದೇ.